ಡಯಾಲಿಸಿಸ್ ರೋಗಿಗೆ ಲಸಿಕೆ ಹಾಕಿಸಿದರಷ್ಟೇ ಸಾಲದು

ಹೆಪಟೈಟಿಸ್ ಬಿ ಡಯಾಲಿಸಿಸ್ ಘಟಕಗಳ ಹಳೆಯ ಶತ್ರು. 1969-70ರಲ್ಲಿ ಎಡಿನ್‌ಬರೋದ ಘಟಕವೊಂದಕ್ಕೆ ಅದು ನುಗ್ಗಿದಾಗ ರೋಗಿಗಳಷ್ಟೇ ಅಲ್ಲ, ಸಿಬ್ಬಂದಿಯೂ ಜೀವ ಕಳೆದುಕೊಂಡರು. ಒಣಗಿದ ರಕ್ತದಲ್ಲೂ ಈ ವೈರಸ್ ಏಳು ದಿನ ಬದುಕಬಲ್ಲದು. ಯಂತ್ರದ ಗುಂಡಿಗೋ, ಕ್ಲ್ಯಾಂಪಿಗೋ, ಮಂಚದ ಅಂಚಿಗೋ ಕಣ್ಣಿಗೆ ಕಾಣದಷ್ಟು ರಕ್ತ ಅಂಟಿದ್ದರೂ ಸಾಕು, ಸೋಂಕು ಹರಡುತ್ತದೆ. ಸೋಂಕಿತರಿಗೆ ಬೇರೆ ಕೋಣೆ, ಬೇರೆ ಯಂತ್ರ ಇಡುವುದು ಇದೇ ಕಾರಣಕ್ಕೆ.

ವಾರಕ್ಕೆ ಎರಡು ಮೂರು ಸಲ ಈ ಘಟಕಗಳಿಗೆ ಬರಲೇಬೇಕಾದವರಿಗೆ ಲಸಿಕೆ ದೊಡ್ಡ ಆಸರೆ. ಆದರೆ ಯಾರಿಗೆ ಅದು ಹೆಚ್ಚು ಬೇಕೋ ಅವರಲ್ಲೇ ಅದು ಕಡಿಮೆ ಕೆಲಸ ಮಾಡುತ್ತದೆ. ಆರೋಗ್ಯವಂತ ಯುವಕರಲ್ಲಿ ಮೂರು ಡೋಸ್ ಮುಗಿದರೆ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ರಕ್ಷಣೆ ಸಿಗುತ್ತದೆ. ಡಯಾಲಿಸಿಸ್‌ನಲ್ಲಿರುವವರಲ್ಲಿ ಈ ಪ್ರಮಾಣ ಸುಮಾರು 50ರಿಂದ 70ಕ್ಕೆ ಇಳಿಯುತ್ತದೆ.

ಕಿಡ್ನಿ ಸೋತಾಗ ರಕ್ತದಲ್ಲಿ ಉಳಿಯುವ ಕಲ್ಮಶ ರೋಗನಿರೋಧಕ ವ್ಯವಸ್ಥೆಯನ್ನೇ ಮಂಕಾಗಿಸುತ್ತದೆ. ಲಸಿಕೆಯಲ್ಲಿರುವುದು ವೈರಸ್ಸಿನ ಹೊರಕವಚದ ಒಂದು ಪ್ರೋಟೀನ್ ಮಾತ್ರ. ಡೆಂಡ್ರೈಟಿಕ್ ಕೋಶಗಳು ಅದನ್ನು ಹಿಡಿದು ಟಿ ಕೋಶಗಳಿಗೆ ತೋರಿಸಬೇಕು, ಅವು ಬಿ ಕೋಶಗಳನ್ನು ಪ್ರಚೋದಿಸಬೇಕು, ಆಮೇಲಷ್ಟೇ ಪ್ರತಿಕಾಯ. ಈ ಸರಪಳಿಯ ಒಂದೊಂದು ಕೊಂಡಿಯೂ ಸಡಿಲಗೊಂಡಿರುತ್ತದೆ. ಡಯಾಲಿಸಿಸ್ ಯಂತ್ರ ಅದನ್ನು ಪೂರ್ತಿ ಸರಿಪಡಿಸಲಾರದು. ವಯಸ್ಸು, ಸಕ್ಕರೆ ಕಾಯಿಲೆ, ಪೌಷ್ಟಿಕಾಂಶದ ಕೊರತೆ ಸೇರಿದರೆ ಇನ್ನೂ ಕಷ್ಟ.

ಅದಕ್ಕೇ ಇವರಿಗೆ ಡೋಸ್ ಇಮ್ಮಡಿ. ವಯಸ್ಕರಿಗೆ ಸಾಮಾನ್ಯವಾಗಿ 20 ಮೈಕ್ರೋಗ್ರಾಂ ಸಾಕಾದರೆ ಇವರಿಗೆ 40. ಪ್ರಚಲಿತ ಕ್ರಮದಲ್ಲಿ ಮೊದಲ ದಿನ, ನಂತರ 1, 2 ಮತ್ತು 6ನೇ ತಿಂಗಳು, ಹೀಗೆ ನಾಲ್ಕು ಸಲ. ಚುಚ್ಚುಮದ್ದು ತೋಳಿನ ಸ್ನಾಯುವಿಗೇ ಬೀಳಬೇಕು, ಪೃಷ್ಠಕ್ಕೆ ಕೊಟ್ಟರೆ ಫಲ ಕಡಿಮೆ. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಜೋಡಿಸಿದ ರಕ್ತನಾಳ) ಇರುವ ಕೈಯನ್ನು ಮಾತ್ರ ಮುಟ್ಟುವುದಿಲ್ಲ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಲ್ಲಿ ಪ್ರತಿಕಾಯದ ಮಟ್ಟ ಅಳೆಯಬೇಕು. ಅದು 10 mIU/mLಗಿಂತ ಕಡಿಮೆ ಬಂದರೆ ಇಡೀ ಸರಣಿಯನ್ನು ಮತ್ತೊಮ್ಮೆ ಕೊಡುತ್ತಾರೆ. 10 ದಾಟಿದ್ದರೂ ಇವರಲ್ಲಿ ಅದು ಬೇಗ ಕರಗುವುದರಿಂದ ವರ್ಷಕ್ಕೊಮ್ಮೆ ಪರೀಕ್ಷೆ, ಇಳಿದಿದ್ದರೆ ಬೂಸ್ಟರ್. ನನಗೆ ಬೇಸರವಾಗುವುದು ಇಲ್ಲೇ: ಡೋಸ್‌ಗಳ ದಿನಾಂಕ ಬರೆದಿಟ್ಟ ಎಷ್ಟೋ ಕಡತಗಳಲ್ಲಿ ಈ ಸಂಖ್ಯೆಯೇ ಇರುವುದಿಲ್ಲ.

ಕಿಡ್ನಿ ಇನ್ನೂ ಒಂದಿಷ್ಟು ಕೆಲಸ ಮಾಡುತ್ತಿರುವಾಗಲೇ ಲಸಿಕೆ ಕೊಟ್ಟರೆ ಫಲ ಹೆಚ್ಚು. ಮನೆಯಲ್ಲಿ ಯಾರಿಗಾದರೂ ಕ್ರಿಯೇಟಿನಿನ್ ಏರುತ್ತಿದ್ದರೆ ಡಯಾಲಿಸಿಸ್ ಶುರುವಾಗುವವರೆಗೆ ಕಾಯಬೇಡಿ, ಮುಂದಿನ ಭೇಟಿಯಲ್ಲೇ ವೈದ್ಯರನ್ನು ಈ ಲಸಿಕೆಯ ಬಗ್ಗೆ ಕೇಳಿ. ಈಗಾಗಲೇ ಡಯಾಲಿಸಿಸ್‌ನಲ್ಲಿದ್ದರೆ ಪ್ರತಿಕಾಯದ ಸಂಖ್ಯೆ ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ.