ಹಿತ್ತಾಳೆ ಸೀಳುವ ಮಳೆಗಾಲ

ಜೂನ್ ಹತ್ತಿತೆಂದರೆ ಕಣಕುಂಬಿ, ಜಾಂಬೋಟಿ ಕಡೆ ಗೋಡೆಗಳೂ ಬೆವರುತ್ತವೆ. ಖಾನಾಪುರ ತಾಲ್ಲೂಕಿನ ಪಶ್ಚಿಮದ ಹಳ್ಳಿಗಳಿಗೆ ಮಳೆ ಬಂತೆಂದರೆ ದಿನಗಟ್ಟಲೆ ಬಿಡದ ಜಡಿಮಳೆ. ಬಚ್ಚಲಿನ ಹಿತ್ತಾಳೆ ಹಂಡೆ ಮೊದಲು ಕಂದುತ್ತದೆ, ಆಮೇಲೆ ಅಂಚಿಗೆ ಹಸಿರು ಏರುತ್ತದೆ. ‘ಕಿಲುಬು ಹಿಡದೈತಿ, ಹುಣಸಿಹಣ್ಣು ಹಚ್ಚಿ ತಿಕ್ಕವ್ವಾ’ ಅಂದರೆ ಮುಗಿಯಿತು. ಅದೇ ಮನೆಯಲ್ಲಿ ಬೆಳೆ ಕಾಯಲು ಲೈಸೆನ್ಸ್ ಪಡೆದ ಬಂದೂಕಿದ್ದರೆ ಅದರ ತೋಟಾಗಳ ಹಿತ್ತಾಳೆ ಬುಡಕ್ಕೂ ಇದೇ ಗತಿ. ಅಲ್ಲಿ ಮಾತ್ರ ಹುಣಸೆಹಣ್ಣು ಸಾಲದು.

ರೈಫಲ್ ಕಾಡತೂಸಿನ ಕವಚ 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆ. ಬರೀ ಕಂದಿದರೆ ಚಿಂತೆಯಿಲ್ಲ. ಆ ಪದರವೇ ಒಳಗಿನ ಲೋಹವನ್ನು ಕಾಯುತ್ತದೆ. ಹಸಿರು ಪುಡಿ ಎದ್ದರೆ ಎಲ್ಲೋ ಆಮ್ಲವೋ ಉಪ್ಪೋ ತಗುಲಿದೆ ಎಂದರ್ಥ. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟ ತೋಟಾಗಳಿಗೆ ಕಿಲುಬು ಬೇಗ ಹತ್ತುವುದು ಇದೇ ಕಾರಣಕ್ಕೆ: ಚರ್ಮ ಹದ ಮಾಡಿದ ಆಮ್ಲ ಅದರಲ್ಲೇ ಉಳಿದಿರುತ್ತದೆ. ಬೇಟೆಗಾರರ ಫೋಟೊಗಳಲ್ಲಿ ಸೊಗಸಾಗಿ ಕಾಣುವ ಆ ಪಟ್ಟಿ ದಾಸ್ತಾನಿಗೆ ಮಾತ್ರ ಕೆಟ್ಟದ್ದು. ನಸುಗೆಂಪು ಕಲೆ ಕಂಡರೆ ಇನ್ನೂ ಹುಷಾರಾಗಬೇಕು. ಅಲ್ಲಿ ಸತು ಕರಗಿ ಹೋಗಿ, ಸ್ಪಂಜಿನಂತೆ ಟೊಳ್ಳಾದ ತಾಮ್ರವಷ್ಟೇ ಉಳಿದಿರಬಹುದು.

ಇವೆಲ್ಲ ಕಣ್ಣಿಗೆ ಕಾಣುವ ಕೇಡುಗಳು. ಕಾಣದ್ದೊಂದಿದೆ, ಅದು ಬೆಳಕಿಗೆ ಬಂದದ್ದು ನಮ್ಮ ದೇಶದ ಮಳೆಯಲ್ಲೇ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಸೈನ್ಯ ಮಳೆಗಾಲ ಕಳೆಯುವವರೆಗೆ ಮದ್ದುಗುಂಡನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ತೆಗೆದು ನೋಡಿದರೆ ಯಾರೂ ಮುಟ್ಟದ ಕಾಡತೂಸುಗಳು ಕತ್ತಿನ ಬಳಿ ಉದ್ದಕ್ಕೆ ಸೀಳಿರುತ್ತಿದ್ದವು. ಹವಾಮಾನದ ಜತೆ ಬರುವ ರೋಗವೆಂದು ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರೇ ಬಿತ್ತು. ನಿಜವಾದ ಕಾರಣ ಗೊತ್ತಾದದ್ದು 1921ರಲ್ಲಿ. ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಅದನ್ನು ಬಿಡಿಸಿ ಹೇಳಿದರು. ಕುದುರೆ ಮೂತ್ರದಿಂದೇಳುವ ಅಮೋನಿಯಾ ಒದ್ದೆ ಗಾಳಿಯಲ್ಲಿ ಬೆರೆತು ತಾಮ್ರವನ್ನು ಕರಗಿಸುತ್ತಿತ್ತು.

ಹಾಗಿದ್ದರೆ ಖಾನಾಪುರದ ಯಾವುದೇ ಕೊಟ್ಟಿಗೆಯಲ್ಲಿ, ಅದೇ ಗಂಜಲದ ವಾಸನೆಯ ನಡುವೆ, ಎತ್ತಿನ ಕೊರಳಿನ ಎರಕದ ಹಿತ್ತಾಳೆ ಗಂಟೆ ತಲೆಮಾರುಗಟ್ಟಲೆ ಬಾಳುವುದು ಹೇಗೆ? ಗಂಟೆಯನ್ನು ಕರಗಿಸಿ ಅಚ್ಚಿಗೆ ಹೊಯ್ದಿರುತ್ತಾರೆ. ಕಾಡತೂಸು ಹಾಗಲ್ಲ. ದುಂಡನೆಯ ಬಿಲ್ಲೆಯನ್ನು ಬಟ್ಟಲಾಗಿಸಿ, ಹಂತಹಂತವಾಗಿ ಎಳೆದು ಕೊಳವೆ ಮಾಡಿ, ಕೊನೆಗೆ ಕತ್ತನ್ನು ಹಿಸುಕಿ ಕಿರಿದಾಗಿಸುತ್ತಾರೆ. ಆ ಎಳೆದಾಟದ ಬಿಗುವು ಲೋಹದೊಳಗೇ ಉಳಿಯುತ್ತದೆ. ಅಮೋನಿಯಾ ಲೋಹದ ಹರಳುಗಳ ನಡುವಿನ ಸಂದಿನಲ್ಲಿ ದಾರಿ ಮಾಡಿಕೊಟ್ಟರೆ ಸಾಕು, ಉಳಿದದ್ದನ್ನು ಒಳಗಿನ ಬಿಗುವೇ ಮುಗಿಸುತ್ತದೆ. ಬಿಗುವು, ತೇವ, ಅಮೋನಿಯಾ ಮೂರೂ ಕೂಡಬೇಕು. ಗಂಟೆಗೆ ಮೊದಲನೆಯದೇ ಇಲ್ಲವೆನ್ನಬಹುದು.

ಮದ್ದು ಸರಳ: ಕತ್ತನ್ನು ಹದವಾಗಿ ಕಾಯಿಸಿ ಬಿಗುವು ಇಳಿಸುವುದು. ಬೆಳಗಾವಿ ಕ್ಯಾಂಪಿನ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ತರಬೇತಿ ಪಡೆದ ಯಾರಿಗಾದರೂ ಸೇನೆಯ ಗುಂಡಿನ ಕತ್ತಿನ ಸುತ್ತ ಕಾಣುವ ನೀಲಿ-ಕಂದು ಛಾಯೆಯ ಪರಿಚಯವಿರುತ್ತದೆ. ಅದು ಕೊಳೆಯಲ್ಲ, ಕಾಯಿಸಿದ ಗುರುತು. ನಾಗರಿಕರ ಪೇಟೆಗೆ ಹೋಗುವ ಕಾಡತೂಸುಗಳಲ್ಲಿ ಎಷ್ಟೋ ಸಲ ಅದನ್ನು ಉಜ್ಜಿ ಹೊಳಪು ಕೊಡುತ್ತಾರೆ. ಸೇನೆಯದರಲ್ಲಿ ಹಾಗೇ ಬಿಡುತ್ತಾರೆ.

ವಿದೇಶಗಳಲ್ಲಿ ಖಾಲಿ ಕವಚಕ್ಕೆ ಮತ್ತೆ ಮದ್ದು ತುಂಬುವವರು ವರ್ಷಗಟ್ಟಲೆ ಕೂಡಿಟ್ಟ ಡಬ್ಬಿ ತೆರೆದಾಗ ಎದುರಾಗುವುದೂ ಇದೇ ಕಾಟ. ಒಮ್ಮೆ ಗುಂಡು ಹಾರಿಸಿದ ಕವಚದ ಕತ್ತು ಹಿಗ್ಗಿ, ಮತ್ತೆ ಅಚ್ಚಿಗೆ ಹೋಗಿ ಕುಗ್ಗಿ, ಹೊಸ ಬಿಗುವು ತುಂಬಿಕೊಂಡಿರುತ್ತದೆ. ಅದರ ಮೇಲೆ ಅಮೋನಿಯಾ ಬೆರೆತ ಪಾಲಿಷ್ ಹಚ್ಚುವುದೆಂದರೆ ಲಾಯವನ್ನೇ ಮನೆಗೆ ತಂದಂತೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಆ ಹವ್ಯಾಸ ಇಲ್ಲಿ ಬೇರೂರಿಲ್ಲ. ಲೈಸೆನ್ಸ್‌ದಾರ ರೈತನಿಗೆ ಬೇಕಾದದ್ದು ಇಷ್ಟೇ: ತೋಟಾ ಒಣ ಡಬ್ಬಿಯಲ್ಲಿರಲಿ, ಕೊಟ್ಟಿಗೆಯ ಗೋಡೆಗೂ ಗೊಬ್ಬರದ ಚೀಲಕ್ಕೂ ದೂರವಿರಲಿ. ಯೂರಿಯಾ ಕೊಳೆತರೂ ಬರುವುದು ಅಮೋನಿಯಾವೇ. ಹಿತ್ತಾಳೆಯಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಆ ತೋಟಾವನ್ನು ಬಂದೂಕಿಗೆ ತುಂಬಬಾರದು.