ಹೆಂಡತಿ ಅಂಗಡಿಗೆ ಕಚೇರಿ ಆರ್ಡರ್: ಸರ್ಕಾರಿ ನೌಕರರು ಮೊದಲೇ ಹೇಳಬೇಕಾದ್ದೇನು?

ಸರ್ಕಾರಿ ಕಚೇರಿಗೋ ಗ್ರಾಮ ಪಂಚಾಯಿತಿಗೋ ಪೇಪರ್ ಬಂಡಲ್, ಬೀದಿದೀಪದ ಬಲ್ಬ್, ಪೈಪು, ಸಿಮೆಂಟ್ ಬೇಕಾದರೆ ಎಷ್ಟೋ ಸಲ ಊರಿನ ಅಂಗಡಿಗಳಿಂದಲೇ ಕೊಟೇಶನ್ ಪಡೆಯುತ್ತಾರೆ. ಬಿಲ್‌ಗೆ ಸಹಿ ಹಾಕುವ ನೌಕರನ ಹೆಂಡತಿ ಹೆಸರಲ್ಲೇ ಅಂಗಡಿ ಇದ್ದರೆ? 'ಬಿಡಿ, ಅದು ಅವರಿಗೇ ಹೋಗುತ್ತೆ' ಅಂತ ಉಳಿದ ವ್ಯಾಪಾರಿಗಳು ಕೊಟೇಶನ್ ಕೊಡೋದನ್ನೇ ನಿಲ್ಲಿಸುತ್ತಾರೆ. ಆಮೇಲೆ ಅವರು ಹೇಳಿದ್ದೇ ರೇಟು. ಹೊರೆ ಬೀಳೋದು ತೆರಿಗೆ ಕಟ್ಟುವವರ ಮೇಲೆ.

ಇದನ್ನೇ ಹಿತಾಸಕ್ತಿ ಸಂಘರ್ಷ ಅನ್ನುತ್ತಾರೆ. ಮನೆಯವರು ವ್ಯಾಪಾರ ಮಾಡುವುದು ತಪ್ಪಲ್ಲ. ಅದನ್ನು ಮುಚ್ಚಿಟ್ಟು ಅದೇ ಫೈಲ್‌ಗೆ ಸಹಿ ಹಾಕುವುದು ತಪ್ಪು.

ನಿಯಮ ಏನು ಹೇಳುತ್ತದೆ?

ರಾಜ್ಯ ಸರ್ಕಾರಿ ನೌಕರರಿಗೆ 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು ಅನ್ವಯಿಸುತ್ತವೆ. ಮುಖ್ಯ ಅಂಶಗಳು ಮೂರು:

* ಅನುಮತಿ ಇಲ್ಲದೆ ನೌಕರ ಸ್ವಂತ ವ್ಯಾಪಾರ ನಡೆಸುವಂತಿಲ್ಲ.
* ಕುಟುಂಬದವರು ವ್ಯಾಪಾರ ನಡೆಸುತ್ತಿದ್ದರೆ ಸರ್ಕಾರಕ್ಕೆ ತಿಳಿಸಬೇಕು.
* ತನಗೆ ಅಥವಾ ಕುಟುಂಬದವರಿಗೆ ಲಾಭವಿರುವ ಗುತ್ತಿಗೆ, ಖರೀದಿಯ ಫೈಲ್ ಬಂದರೆ ತಾನು ತೀರ್ಮಾನಿಸದೆ ಮೇಲಧಿಕಾರಿಗೆ ಕಳಿಸಬೇಕು.

ಬಾಯಿಮಾತಲ್ಲಿ 'ಸಾರ್‌ಗೆ ಹೇಳಿದ್ದೆ' ಅಂದರೆ ದಾಖಲೆ ಉಳಿಯಲ್ಲ. ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆದರೆ ನಾಳೆ ದೂರು ಬಂದಾಗ ನೌಕರನಿಗೇ ಅದು ರಕ್ಷಣೆ.

ಅಣ್ಣ-ತಮ್ಮ, ಭಾವಮೈದ?

ನಿಯಮದಲ್ಲಿ 'ಕುಟುಂಬ' ಅಂದರೆ ಮುಖ್ಯವಾಗಿ ಗಂಡ ಅಥವಾ ಹೆಂಡತಿ, ಮಕ್ಕಳು ಮತ್ತು ನೌಕರನನ್ನೇ ಪೂರ್ತಿ ಅವಲಂಬಿಸಿರುವ ಸಂಬಂಧಿಕರು. ಬೇರೆ ಮನೆ, ಬೇರೆ ಸಂಪಾದನೆ ಇರುವ ಅಣ್ಣ ಈ ಲೆಕ್ಕಕ್ಕೆ ಬರದೇ ಇರಬಹುದು. ಆದರೂ ಊರಿನ ಕಣ್ಣಿಗೆ ಎರಡೂ ಒಂದೇ. ತಿಳಿಸಿ ದೂರ ಉಳಿಯೋದೇ ಜಾಣತನ.

ಗ್ರಾಮ ಪಂಚಾಯಿತಿ ಸದಸ್ಯರಿಗೆ ಬೇರೆ ಕಾಯ್ದೆ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಪಂಚಾಯಿತಿಯ ಕೆಲಸ, ಗುತ್ತಿಗೆಯಲ್ಲಿ ಪಾಲು ಇಟ್ಟುಕೊಂಡರೆ ಸದಸ್ಯತ್ವಕ್ಕೇ ಕುತ್ತು.

ಮುಚ್ಚಿಟ್ಟರೆ?

ಇಲಾಖಾ ವಿಚಾರಣೆ, ಶಿಸ್ತುಕ್ರಮ ಎದುರಾಗುತ್ತದೆ. ವ್ಯಾಪಾರ ಮಾಡಬಾರದೆಂಬ ಕಾನೂನು ಇದ್ದೂ ಮಾಡಿದರೆ, ಭಾರತೀಯ ನ್ಯಾಯ ಸಂಹಿತೆಯ 202ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆಯ ಶಿಕ್ಷೆಗೂ ಅವಕಾಶವಿದೆ.

ಅನುಮಾನ ಬಂದರೆ ಅಂಗಡಿಯವರು ಏನು ಮಾಡಬಹುದು?

ಕೊಟೇಶನ್, ದರ ಹೋಲಿಕೆ ಪಟ್ಟಿ, ಬಿಲ್ ಪ್ರತಿಗಳನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ನೌಕರರ ಆಸ್ತಿ ವಿವರ ಮಾತ್ರ ಸುಲಭಕ್ಕೆ ಸಿಗಲ್ಲ: ವ್ಯಾಪಕ ಸಾರ್ವಜನಿಕ ಹಿತ ಇಲ್ಲದಿದ್ದರೆ ಅದು ವೈಯಕ್ತಿಕ ಮಾಹಿತಿ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಹಾಗಾಗಿ ಖರೀದಿ ಕಾಗದವನ್ನೇ ಕೇಳಿ.

ದಾಖಲೆ ಕೈಗೆ ಬಂದ ಮೇಲೆ ಮೇಲಧಿಕಾರಿಗೆ ಲಿಖಿತ ದೂರು ಕೊಡಿ. ಲೋಕಾಯುಕ್ತಕ್ಕಾದರೆ ನಿಗದಿತ ನಮೂನೆ, ಪ್ರಮಾಣಪತ್ರ ಬೇಕು. ಬರೀ ಗುಸುಗುಸು ನಂಬಿ ಹೋಗಬೇಡಿ. ಸುಳ್ಳು ದೂರಿಗೂ ಶಿಕ್ಷೆ ಇದೆ.