ಲಂಗೋಟಿಯ ಮೇಲಿನ ಹಳದಿ ಕಲೆ

ಹಸುಗೂಸಿನ ಮೂತ್ರಕ್ಕೆ ಬಣ್ಣವಿರುವುದಿಲ್ಲ. ಮೊಲೆಹಾಲು ಕುಡಿದು ದಿನಕ್ಕೆ ಏಳೆಂಟು ಲಂಗೋಟಿ ಒದ್ದೆ ಮಾಡುವ ಮಗುವಿನ ಬಟ್ಟೆ ಒಣಗಿದ ಮೇಲೆ ಕಲೆ ಉಳಿಯಬಾರದು. ಹಳದಿ ಕಲೆ ಉಳಿಯುತ್ತಿದ್ದರೆ, ಅದೇ ಮಗುವಿನ ಮಲ ಅರೆದ ಸಾಸಿವೆಯಂತೆ ಇರದೆ ಅಕ್ಕಿಹಿಟ್ಟು ಕಲಸಿದಂತೆ ಬಿಳಿಚಿಕೊಂಡಿದ್ದರೆ, ಆ ಎರಡನ್ನೂ ಒಟ್ಟಿಗೆ ನೋಡಬೇಕು. ಮಲದ ದಾರಿ ಹಿಡಿಯಬೇಕಾಗಿದ್ದ ಬಣ್ಣ ಮೂತ್ರದ ದಾರಿ ಹಿಡಿದಿದೆ ಎಂದು ಅದರ ಅರ್ಥ.

ಆ ಬಣ್ಣದ ಹೆಸರು ಬಿಲಿರುಬಿನ್. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಹಳದಿ ವಸ್ತು ಇದು. ಮೊದಲಿಗೆ ಇದು ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ಮೂತ್ರಕ್ಕೆ ಇಳಿಯುವುದಿಲ್ಲ. ಯಕೃತ್ತು, ಅಂದರೆ ಲಿವರ್, ಇದನ್ನು ನೀರಿನಲ್ಲಿ ಕರಗುವ ರೂಪಕ್ಕೆ ಮಾರ್ಪಡಿಸಿ ಪಿತ್ತರಸದ ಜೊತೆ ಪಿತ್ತನಾಳಕ್ಕೆ ಬಿಡುತ್ತದೆ. ನಾಳ ಕರುಳಿಗೆ ಸುರಿಯುತ್ತದೆ. ಮಲಕ್ಕೆ ಬಣ್ಣ ಬರುವುದು ಹೀಗೆ. ಪ್ರಯೋಗಾಲಯದ ವರದಿಯಲ್ಲಿ ಮಾರ್ಪಡದ ರೂಪವನ್ನು 'ಇನ್‌ಡೈರೆಕ್ಟ್' ಎಂದೂ ಮಾರ್ಪಟ್ಟಿದ್ದನ್ನು 'ಡೈರೆಕ್ಟ್' ಎಂದೂ ಬರೆಯುತ್ತಾರೆ. ಈ ಲೇಖನದ ತಿರುಳೆಲ್ಲ ಈ ಎರಡು ಪದಗಳ ನಡುವಿನ ವ್ಯತ್ಯಾಸದಲ್ಲಿದೆ.

ತಿಂಗಳು ತುಂಬಿ ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು 60 ಮಕ್ಕಳಿಗೆ ಮೊದಲ ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಕಾಮಾಲೆ ಬರುತ್ತದೆ. ರಕ್ತಕಣಗಳು ಬೇಗ ಒಡೆಯುತ್ತವೆ, ಎಳೆಯ ಯಕೃತ್ತಿಗೆ ಅಷ್ಟು ಕೆಲಸ ನಿಭಾಯಿಸಲು ಇನ್ನೂ ಬಾರದು. ಇದು ಇನ್‌ಡೈರೆಕ್ಟ್ ಬಗೆಯದು. ತೀರಾ ಏರಿದರೆ ಮಿದುಳಿಗೆ ಅಪಾಯ, ಅದಕ್ಕೇ ಆಸ್ಪತ್ರೆಯಲ್ಲಿ ಅಳತೆ ನೋಡಿ ನೀಲಿ ಬೆಳಕಿನ ಕೆಳಗೆ ಮಲಗಿಸುತ್ತಾರೆ. ಬಹುಪಾಲು ಮಕ್ಕಳಲ್ಲಿ ಎರಡು ವಾರದೊಳಗೆ ಇಳಿದುಹೋಗುತ್ತದೆ. ಮೊಲೆಹಾಲು ಕುಡಿಯುವ ಕೆಲವು ಮಕ್ಕಳಲ್ಲಿ ತಿಂಗಳು ದಾಟಿಯೂ ಉಳಿಯುವುದುಂಟು. ಅದರಿಂದ ಕೇಡಿಲ್ಲ, ಹಾಲು ನಿಲ್ಲಿಸಬೇಕಾಗಿಯೂ ಇಲ್ಲ. ಆ ಮಕ್ಕಳ ಮೂತ್ರ ತಿಳಿಯಾಗಿಯೇ ಇರುತ್ತದೆ, ಮಲ ಹಳದಿಯಾಗಿಯೇ ಇರುತ್ತದೆ.

ನಿರಪಾಯದ ಈ ದೊಡ್ಡ ಗುಂಪಿನ ಹಿಂದೆ ಅಪಾಯದ ಒಂದು ಸಣ್ಣ ಗುಂಪು ಮರೆಯಾಗುತ್ತದೆ. ಅದರಲ್ಲಿ ಮುಖ್ಯವಾದ ಕಾಯಿಲೆ ಬಿಲಿಯರಿ ಅಟ್ರೀಸಿಯಾ, ಅಂದರೆ ಪಿತ್ತನಾಳ ಉರಿಯೂತಕ್ಕೆ ಸಿಕ್ಕಿ ಗಂಟುಗಟ್ಟಿ ಮುಚ್ಚಿಹೋಗುವುದು. ಯುರೋಪಿನಲ್ಲಿ 15ರಿಂದ 20 ಸಾವಿರ ಶಿಶುಗಳಿಗೆ ಒಂದರಂತೆ, ತೈವಾನಿನಲ್ಲಿ ಐದಾರು ಸಾವಿರಕ್ಕೆ ಒಂದರಂತೆ ಕಾಣಿಸಿಕೊಳ್ಳುತ್ತದೆ. ಬಾಣಂತಿ ನಂಜಿನ ಪದಾರ್ಥ ತಿಂದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಮಾತು ಇನ್ನೂ ಎಷ್ಟು ಮನೆಗಳಲ್ಲಿ ಆಕೆಯ ಕಿವಿಗೆ ಬೀಳುತ್ತದೋ! ಹೊರಬರಲಾರದ ಪಿತ್ತರಸ ಯಕೃತ್ತಿನಲ್ಲೇ ನಿಂತು ಅದರ ಕೋಶಗಳನ್ನು ಕೊಲ್ಲುತ್ತದೆ. ಸತ್ತ ಜಾಗದಲ್ಲಿ ನಾರು ಬೆಳೆಯುತ್ತದೆ, ಯಕೃತ್ತು ಗಡುಸಾಗುತ್ತದೆ. ಕುಡುಕರಿಗೆ ಹತ್ತಾರು ವರ್ಷಗಳಲ್ಲಿ ಬರುವ ಸಿರೋಸಿಸ್ ಈ ಕೂಸುಗಳಿಗೆ ಕೆಲವೇ ತಿಂಗಳಲ್ಲಿ ಬರುತ್ತದೆ.

ಮೋಸದ ಸಂಗತಿ ಏನೆಂದರೆ, ಮೊದಲ ವಾರಗಳಲ್ಲಿ ಮಗು ಚೆನ್ನಾಗಿರುತ್ತದೆ. ಹುಟ್ಟಿದಾಗ ತೂಕ ಸರಿಯಾಗಿರುತ್ತದೆ, ಹಾಲು ಕುಡಿಯುತ್ತದೆ, ನಗುವುದನ್ನು ಕಲಿಯುತ್ತದೆ. ಮಲವೂ ಮೊದಲ ದಿನದಿಂದಲೇ ಬೆಳ್ಳಗಿರಬೇಕೆಂದಿಲ್ಲ, ವಾರಗಳುದ್ದಕ್ಕೂ ಮೆಲ್ಲಗೆ ಬಣ್ಣ ಕಳೆದುಕೊಳ್ಳಬಹುದು. ಕರುಳಿನ ಒಳಪದರದಿಂದ ಉದುರುವ ಹಳದಿ ಕೋಶಗಳಿಂದಾಗಿ ನಡುನಡುವೆ ಬೆಣ್ಣೆಯ ಬಣ್ಣಕ್ಕೂ ತಿರುಗಬಹುದು. 'ಇವತ್ತು ಸ್ವಲ್ಪ ಹಳದಿ ಬಂತಲ್ಲ' ಎಂದು ಮನೆಯವರಿಗೆ ಸಮಾಧಾನ. ಕೆಲವು ಮಕ್ಕಳಲ್ಲಿ ಮೊದಲ ಸೂಚನೆ ರಕ್ತಸ್ರಾವವೇ ಆಗಿರುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವವನ್ನು ಕರುಳು ಹೀರಿಕೊಳ್ಳಬೇಕಾದರೆ ಪಿತ್ತರಸ ಇರಲೇಬೇಕು. ಅದಿಲ್ಲದಾಗ ಹೊಕ್ಕುಳಿನಿಂದ, ಮೂಗಿನಿಂದ, ಕೆಲವೊಮ್ಮೆ ಮಿದುಳಿನೊಳಗೇ ರಕ್ತ ಸೋರುತ್ತದೆ.

1950ರ ದಶಕದವರೆಗೆ ಇದಕ್ಕೆ ಚಿಕಿತ್ಸೆಯೇ ಇರಲಿಲ್ಲ. ಜಪಾನಿನ ಸೆಂಡೈ ನಗರದ ಶಸ್ತ್ರವೈದ್ಯ ಮೊರಿಯೊ ಕಸಾಯಿ ಮುಚ್ಚಿಹೋದ ನಾಳವನ್ನು ಕತ್ತರಿಸಿ ತೆಗೆದು, ಕರುಳಿನದೇ ಒಂದು ತುಂಡನ್ನು ನೇರವಾಗಿ ಯಕೃತ್ತಿನ ಬಾಯಿಗೆ ಹೊಲಿದು ಪಿತ್ತರಸಕ್ಕೆ ಹೊಸ ದಾರಿ ಮಾಡಿಕೊಟ್ಟರು. 1959ರಲ್ಲಿ ಪ್ರಕಟಿಸಿದರು. ಇಂದಿಗೂ ಅದು ಕಸಾಯಿ ಶಸ್ತ್ರಚಿಕಿತ್ಸೆ. (ನಮ್ಮ ಕಿವಿಗೆ ಆ ಹೆಸರು ಬೇರೆಯೇ ಕೇಳಿಸಿ ಪೋಷಕರು ಬೆಚ್ಚಿದರೆ ಅಚ್ಚರಿಯಿಲ್ಲ.) ಈ ಶಸ್ತ್ರಚಿಕಿತ್ಸೆ ವಯಸ್ಸಿನ ಲೆಕ್ಕಕ್ಕೆ ಕಟ್ಟುಬಿದ್ದಿದೆ. ಮಗುವಿಗೆ 60 ದಿನ ತುಂಬುವ ಮೊದಲೇ ಆದರೆ ಒಳ್ಳೆಯ ಕೇಂದ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಪಿತ್ತರಸ ಹರಿದು ಕಾಮಾಲೆ ಇಳಿಯುತ್ತದೆ. 90 ದಿನ ದಾಟಿದರೆ ಆ ಪಾಲು ಸುಮಾರು ಕಾಲಕ್ಕೆ ಕುಸಿಯುತ್ತದೆ. ಯಾವ ಚಿಕಿತ್ಸೆಯೂ ಆಗದ ಬಹುತೇಕ ಮಕ್ಕಳು ಎರಡನೇ ಹುಟ್ಟುಹಬ್ಬ ನೋಡುವುದಿಲ್ಲ. ಶಸ್ತ್ರಚಿಕಿತ್ಸೆ ಫಲಿಸಿದವರಲ್ಲೂ ಹಲವರಿಗೆ ಮುಂದೆ ಯಕೃತ್ತಿನ ಕಸಿ ಬೇಕಾಗುತ್ತದೆ, ಆದರೆ ಆ ದಿನ ವರ್ಷಗಳಷ್ಟು ಮುಂದಕ್ಕೆ ಹೋಗುತ್ತದೆ. ಭಾರತದಲ್ಲಿ ಮಗುವೊಂದಕ್ಕೆ ಮೊದಲ ಯಶಸ್ವಿ ಯಕೃತ್ ಕಸಿ ನಡೆದದ್ದು 1998ರಲ್ಲಿ, ದೆಹಲಿಯಲ್ಲಿ. ಆ 20 ತಿಂಗಳ ಮಗುವಿಗಿದ್ದದ್ದೂ ಇದೇ ಕಾಯಿಲೆ. ಯಕೃತ್ತಿನ ತುಂಡು ಕೊಟ್ಟವರು ತಂದೆ. ಆ ಹುಡುಗ ಬೆಳೆದು ಸ್ವತಃ ವೈದ್ಯನಾದ. ಆದರೆ ಕಸಿಯ ಖರ್ಚು ಎಷ್ಟು ಮನೆಗಳಿಗೆ ಎಟುಕೀತು?

ನಮ್ಮಲ್ಲಿ ಬಹಳಷ್ಟು ಮಕ್ಕಳು ದೊಡ್ಡಾಸ್ಪತ್ರೆ ಮುಟ್ಟುವ ಹೊತ್ತಿಗೆ ಮೂರು ತಿಂಗಳ ಆಸುಪಾಸಿನಲ್ಲಿರುತ್ತಾರೆ. ಆ ದಿನಗಳು ಎಲ್ಲಿ ಕಳೆದವು ಎಂದು ಹುಡುಕಲು ದೂರ ಹೋಗಬೇಕಿಲ್ಲ, ಬಾಣಂತಿ ಕೋಣೆಯನ್ನು ನೋಡಿದರೆ ಸಾಕು. ಗಾಳಿ ಬೀಸದಂತೆ ಕಿಟಕಿ ಮುಚ್ಚಿದೆ, ಸಾಂಬ್ರಾಣಿ ಹೊಗೆ ತುಂಬಿದೆ, ಒಂದೇ ಒಂದು ಮಂದ ಬಲ್ಬು. ಆ ಬೆಳಕಿನಲ್ಲಿ ಬಿಳಿಯೂ ಹಳದಿಯಾಗಿಯೇ ಕಾಣುತ್ತದೆ. ಎಣ್ಣೆ ಅರಿಶಿನ ಹಚ್ಚಿ ಎರೆದ ಮೈಯಲ್ಲಿ ಕಾಮಾಲೆ ಗುರುತಿಸುವುದು ಕಷ್ಟ. ಲಂಗೋಟಿ ಹೋಗಿ ಡೈಪರ್ ಬಂದ ಮನೆಗಳಲ್ಲಿ ಮೂತ್ರವೆಲ್ಲ ಒಳಕ್ಕೆ ಇಂಗಿ ಸುತ್ತಿ ಕಸಕ್ಕೆ ಹೋಗುತ್ತದೆ. ಕಲೆಯನ್ನು ಉಜ್ಜುವ ಕೈಯೂ ಇಲ್ಲ, ಗಮನಿಸುವ ಕಣ್ಣೂ ಇಲ್ಲ. ಹೆರಿಗೆ ಆಸ್ಪತ್ರೆಯಲ್ಲೇ ಆದರೂ ಎರಡು ಮೂರು ದಿನಕ್ಕೆ ಮನೆಗೆ ಕಳಿಸುವುದರಿಂದ ಮಲ ಬಿಳಿಚುವ ಎರಡನೇ, ಮೂರನೇ ವಾರ ಯಾವ ವೈದ್ಯರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ ಎಳೆಬಿಸಿಲು. ಬೆಳಕು ಕೆಲಸ ಮಾಡುವುದು ಇನ್‌ಡೈರೆಕ್ಟ್ ಬಿಲಿರುಬಿನ್ ಮೇಲೆ. ಮುಚ್ಚಿದ ನಾಳವನ್ನು ಅದು ತೆರೆಯಲಾರದು. 'ಬಿಸಿಲಿಗೆ ಹಿಡಿಯಿರಿ, ಹೋಗುತ್ತೆ' ಎಂಬ ಮಾತನ್ನು ಅಜ್ಜಿ ಹೇಳಿದರೆ ತಪ್ಪು ಹಿಡಿಯಲಾರೆ. ಮೂರನೇ ವಾರದಲ್ಲಿ, ರಕ್ತಪರೀಕ್ಷೆ ಮಾಡಿಸದೆ, ವೈದ್ಯರೇ ಅದನ್ನು ಹೇಳಿದರೆ ಅದು ತಪ್ಪೇ. ಬಿಸಿಲಿಗೆ ಹತ್ತು ದಿನ, ಕಾಮಾಲೆಗೆ ಸೊಪ್ಪಿನ ರಸ ಕೊಡುವವರಲ್ಲಿ ಹತ್ತು ದಿನ, ಬರೆ ಹಾಕಿಸಿ ಗಾಯ ಮಾಯಲು ಇನ್ನಷ್ಟು. 60ರಲ್ಲಿ ಕಳೆದರೆ ಉಳಿಯುವುದೆಷ್ಟು ಎಂದು ಓದುಗರೇ ಲೆಕ್ಕ ಹಾಕಬಹುದು.

ಇದನ್ನು ಬದಲಿಸಲು ದುಬಾರಿ ಯಂತ್ರ ಬೇಕಿಲ್ಲ ಎಂಬುದಕ್ಕೆ ತೈವಾನ್ ಸಾಕ್ಷಿ. ಅಲ್ಲಿ 2004ರಿಂದ ದೇಶದ ಪ್ರತಿ ಮಗುವಿನ ಆರೋಗ್ಯ ಪುಸ್ತಿಕೆಯಲ್ಲಿ ಮಲದ ಬಣ್ಣದ ಚಿತ್ರಪಟವಿದೆ. ತಾಯಿ ಅದನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾಳೆ, ಬಿಳಿಚಿದ್ದರೆ ತಿಳಿಸುತ್ತಾಳೆ. 60 ದಿನದೊಳಗೆ ಶಸ್ತ್ರಚಿಕಿತ್ಸೆಯಾಗುವ ಮಕ್ಕಳ ಪಾಲು ಶೇ. 49ರಿಂದ 66ಕ್ಕೆ ಏರಿತು. ಮೂರು ವರ್ಷ ಬದುಕಿ ಉಳಿದವರು ಶೇ. 64ರಿಂದ 89ಕ್ಕೆ. ಒಂದು ಬಣ್ಣದ ಹಾಳೆ! ಜಪಾನ್ 2012ರಲ್ಲಿ ತನ್ನ ತಾಯಿ ಮಕ್ಕಳ ಕೈಪಿಡಿಗೂ ಅದನ್ನು ಸೇರಿಸಿತು. ಅಮೆರಿಕದ ಟೆಕ್ಸಾಸ್‌ನಲ್ಲಿ ಇನ್ನೊಂದು ದಾರಿ ಹಿಡಿದರು. ಹುಟ್ಟಿದ ಮೊದಲ ದಿನಗಳಲ್ಲೇ ಡೈರೆಕ್ಟ್ ಬಿಲಿರುಬಿನ್ ಅಳೆದು, ಹೆಚ್ಚಿದ್ದವರನ್ನು ಎರಡನೇ ವಾರಕ್ಕೆ ಮತ್ತೆ ಕರೆಸಿದರು. ಒಂದೂಕಾಲು ಲಕ್ಷದಷ್ಟು ಶಿಶುಗಳ ಈ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ವಯಸ್ಸು ಸುಮಾರು 56 ದಿನದಿಂದ 36ಕ್ಕೆ ಇಳಿದಿತ್ತು.

ಹದಿನಾಲ್ಕು ದಿನ ದಾಟಿದ ಮೇಲೂ (ತಿಂಗಳು ತುಂಬದೆ ಹುಟ್ಟಿದ್ದರೆ 21) ಕಣ್ಣಿನ ಬಿಳಿ ಭಾಗ ಹಳದಿಯಿದ್ದರೆ ಬರಿಯ ಒಟ್ಟು ಬಿಲಿರುಬಿನ್ ಸಾಲದು, ಡೈರೆಕ್ಟ್ ಬೇರೆಯಾಗಿ ಬರೆದ ವರದಿ ಕೇಳಿ. ಅದು ಡೆಸಿಲೀಟರಿಗೆ 1 ಮಿಲಿಗ್ರಾಂ ದಾಟಿದ್ದರೆ ಸಹಜವಲ್ಲ. ಮಗುವನ್ನು ಕೆಲವು ಗಂಟೆ ಹಾಲಿಲ್ಲದೆ ಇಟ್ಟು ಮಾಡುವ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶ ಮುರುಟಿದೆಯೇ ಎಂದು ನೋಡುತ್ತಾರೆ. ಮುಂದೆ ಯಕೃತ್ತಿನ ಚೂರು ತೆಗೆದು ಪರೀಕ್ಷೆ, ಕೊನೆಗೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ನಾಳಕ್ಕೆ ಬಣ್ಣದ ದ್ರವ ಹರಿಸಿ ತೆಗೆಯುವ ಎಕ್ಸ್‌ರೇ. ಡೈರೆಕ್ಟ್ ಏರಿದ ಎಲ್ಲ ಮಕ್ಕಳಿಗೂ ಇದೇ ಕಾಯಿಲೆ ಇರುವುದಿಲ್ಲ. ಸೋಂಕು ಇರಬಹುದು, ಹಾಲಿನ ಸಕ್ಕರೆಯಿಂದ ಬರುವ ಗ್ಯಾಲಾಕ್ಟೋಸನ್ನು ದೇಹ ಬಳಸಿಕೊಳ್ಳಲಾರದ ಗ್ಯಾಲಾಕ್ಟೊಸೀಮಿಯಾ ಇರಬಹುದು. ಆದರೆ ಅವಕ್ಕೂ ಕಾಯುವಷ್ಟು ಸಮಯವಿಲ್ಲ.

ಆಶಾ ಕಾರ್ಯಕರ್ತೆ ಮಗುವಿನ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕೆಂಬ ನಿಯಮ ಈಗಾಗಲೇ ಇದೆ. ತೂಕ ನೋಡುತ್ತಾಳೆ, ಮೈ ಬಿಸಿ ನೋಡುತ್ತಾಳೆ. ಹದಿನಾಲ್ಕನೇ ದಿನದಿಂದ ಪ್ರತಿ ಭೇಟಿಯಲ್ಲೂ ಲಂಗೋಟಿಯನ್ನು ಬಾಗಿಲ ಬೆಳಕಿಗೆ ತಂದು ನೋಡುವುದನ್ನು ಸೇರಿಸಲು ನಿಮಿಷವೂ ಬೇಕಾಗದು. ಆರನೇ ವಾರದ ಚುಚ್ಚುಮದ್ದಿಗೆ ಕರೆತಂದಾಗ ಮಗುವಿಗೆ 42 ದಿನ. ಅಂದು ಯಾರಾದರೂ ಮಲದ ಬಣ್ಣ ಕೇಳಿದರೆ ಇನ್ನೂ 18 ದಿನ ಕೈಯಲ್ಲಿರುತ್ತದೆ.